ಮೂಗಿಗಿಂತ ಮೂಗುತಿ ಭಾರವಾಗದಿರಲಿ

‘ಹುಡುಗಿ ಚಲೋ ಅದಾಳ, ಓದ್ಯಾಳ, ಮನೆತನಾನೂ ಚಲೋದು, ಮೂಗೊಂದು ಸ್ವಲ್ಪ ದಪ್ಪಾತು.’ ಕನ್ಯೆ ನೋಡಲು ಬಂದವರು ಚಹಾದ ಬಟ್ಟಲನ್ನು ಕೆಳಗಿಟ್ಟು, ಹೊಸ್ತಿಲು ದಾಟುವ ಮುನ್ನ ಆಡಿಹೋಗುವ ಇಂತಹ ಮಾತನ್ನು ನಮ್ಮ ಭಾಗದ ಕುಟುಂಬಗಳಲ್ಲಿ ಕೇಳದವರು ವಿರಳ. ಆಡಿದವರು ಬಸ್ಸು ಹತ್ತುವಷ್ಟರಲ್ಲಿ ಅದನ್ನು ಮರೆತಿರುತ್ತಾರೆ. ಕೇಳಿಸಿಕೊಂಡ ಹುಡುಗಿ ಮಾತ್ರ ಅದನ್ನು ವರ್ಷಗಟ್ಟಲೆ ಕನ್ನಡಿಯ ಮುಂದೆ ಹೊತ್ತು ನಿಲ್ಲುತ್ತಾಳೆ.

ಒಂದು ಕಾಲಕ್ಕೆ ಆ ನೋವು ಮನೆಯ ನಾಲ್ಕು ಗೋಡೆಗಳ ನಡುವೆಯೇ ಉಳಿಯುತ್ತಿತ್ತು. ಈಗ ಹಾಗಿಲ್ಲ. ಬಳಗಾನೂರಿನ ಮನೆಯಲ್ಲಿ ಕುಳಿತ ಮಗಳ ಅಂಗೈಯ ಫೋನಿಗೂ ಹೈದರಾಬಾದು, ಬೆಂಗಳೂರುಗಳ ಸೌಂದರ್ಯ ಚಿಕಿತ್ಸಾಲಯಗಳ ಜಾಹೀರಾತು ಬಂದು ತಲಪುತ್ತದೆ. ಶಸ್ತ್ರಕ್ರಿಯೆಗೆ ಮೊದಲಿನ ಮೂಗು ಒಂದು ಚಿತ್ರದಲ್ಲಿ, ಅನಂತರದ ಮೂಗು ಇನ್ನೊಂದರಲ್ಲಿ. ನಡುವೆ ಇರುವ ನೋವು, ಬಾವು, ಕಾಯುವಿಕೆ, ಖರ್ಚು ಯಾವುದೂ ಆ ಚಿತ್ರಗಳಲ್ಲಿ ಕಾಣುವುದಿಲ್ಲ. ಶಸ್ತ್ರಕ್ರಿಯೆ ಮಾಡಿಸಿಕೊಂಡೂ ತೃಪ್ತಿ ಕಾಣದೆ ಮರಳಿದವರ ಮುಖವಂತೂ ಅಲ್ಲಿ ಇರುವುದೇ ಇಲ್ಲ. ಈ ವಾರ ನಾವು ಅವರ ಕುರಿತು ಬರೆಯಬಯಸುತ್ತೇವೆ.

ಹೀಗೊಂದು ಮನೆಯನ್ನು ಊಹಿಸಿಕೊಳ್ಳೋಣ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಬೆಳೆದ ಭತ್ತ ಮಾರಿ ಬಂದ ಹಣಕ್ಕೆ ತುಸು ಸಾಲವನ್ನೂ ಸೇರಿಸಿ ತಂದೆ ಮಗಳ ಆಸೆ ನಡೆಸಿಕೊಡುತ್ತಾನೆ. ಎರಡು ತಿಂಗಳು ಕಳೆದರೂ ಮೂಗಿನ ತುದಿಯ ಬಾವು ಇಳಿದಿಲ್ಲ. ಮಗಳು ಕನ್ನಡಿ ನೋಡಿ ಅಳುತ್ತಾಳೆ. ‘ಮೊದಲಿನದ್ದೇ ಚಲೋ ಇತ್ತಲ್ಲವ್ವಾ’ ಎಂದು ತಾಯಿ ಹಲುಬುತ್ತಾಳೆ. ನೆಂಟರು ಹಣ ಹಾಳಾಯಿತೆಂದು ಆಡಿಕೊಳ್ಳುತ್ತಾರೆ. ಭಕ್ತಿವಂತರೆನಿಸಿದ ಹಿರಿಯರೊಬ್ಬರು ‘ದೇವರು ಕೊಟ್ಟ ಮುಖವನ್ನು ತಿದ್ದಲು ಹೋದವರಿಗೆ ಹೀಗೇ ಆಗಬೇಕು’ ಎಂದು ತೀರ್ಪು ಕೊಡುತ್ತಾರೆ. ಅಂದಿನಿಂದ ಆ ಹುಡುಗಿ ಭಾನುವಾರದ ಪೂಜೆಗೆ ಬಂದರೂ ಕೊನೆಯ ಸಾಲಿನಲ್ಲಿ ಮುಸುಕು ಎಳೆದು ಕೂರುತ್ತಾಳೆ. ಕೆಲವು ವಾರಗಳ ಮೇಲೆ ಬರುವುದನ್ನೇ ಬಿಡುತ್ತಾಳೆ. ಈ ಮನೆ ಕಲ್ಪನೆಯದಾದರೂ ಇದರ ಒಂದೊಂದು ಮಾತೂ ನಮ್ಮ ನಡುವೆ ಆಡಲ್ಪಡುವಂಥದ್ದೇ ಎಂಬುದನ್ನು ಓದುಗರು ಅಲ್ಲಗಳೆಯಲಾರರೆಂದು ನಮ್ಮ ನಂಬಿಕೆ.

ಇಂತಹವಳನ್ನು ನೋಡಿ ನಗುವುದು ತಪ್ಪು. ಶಪಿಸುವುದು ಇನ್ನೂ ದೊಡ್ಡ ತಪ್ಪು. ಹಾಗೆಯೇ, ‘ಇನ್ನೊಬ್ಬ ವೈದ್ಯರ ಬಳಿ ಇನ್ನೊಮ್ಮೆ ಮಾಡಿಸಿದರಾಯಿತು’ ಎಂದು ಅವಸರಪಡಿಸುವುದೂ ಹಿತವಲ್ಲ. ಅವಳ ಅತೃಪ್ತಿ ಯಾವ ಬಗೆಯದು ಎಂಬುದನ್ನು ಮೊದಲು ತಿಳಿಯಬೇಕು. ಏಕೆಂದರೆ ಒಂದೊಂದು ಬಗೆಗೆ ಒಂದೊಂದು ಪರಿಹಾರವಿದೆ.

ಮೂಗಿನ ಶಸ್ತ್ರಕ್ರಿಯೆ ನಿನ್ನೆ ಮೊನ್ನೆ ಪಶ್ಚಿಮದಿಂದ ಬಂದ ಶೋಕಿಯಲ್ಲ. ಕೆನ್ನೆಯ ಚರ್ಮವನ್ನು ತಿರುಗಿಸಿ ಮೂಗು ಕಟ್ಟುವ ವಿಧಾನವನ್ನು ಸುಶ್ರುತ ಸಂಹಿತೆಯಲ್ಲಿಯೇ ವಿವರಿಸಲಾಗಿದೆ. ಅದರ ಅಗತ್ಯ ಹುಟ್ಟಿದ್ದು ಅಂದಿನ ಕ್ರೌರ್ಯದಿಂದ. ಅಪರಾಧಿಯ ಮೂಗು ಕೊಯ್ಯುವುದು ಆಗ ಶಿಕ್ಷೆ. ಸೋತ ಶತ್ರುವಿನ ಮೂಗು ಕೊಯ್ಯುವುದು ಗೆದ್ದವನ ಹೆಮ್ಮೆ. 1656ರ ಸುಮಾರಿಗೆ ಮೈಸೂರಿನ ಸೈನ್ಯಕ್ಕೂ ಮಧುರೆಯ ತಿರುಮಲ ನಾಯಕನ ಸೈನ್ಯಕ್ಕೂ ನಡೆದ ಕಾಳಗದಲ್ಲಿ ಸೆರೆಸಿಕ್ಕವರ ಮೂಗುಗಳನ್ನು ಕೊಯ್ದ ಭೀಕರ ಸಂಗತಿ ಆ ಕಾಲದ ಯೇಸುಸಭೆಯ ಗುರುಗಳ ಪತ್ರಗಳಿಂದಲೇ ನಮಗೆ ತಿಳಿದುಬಂದಿದೆ.

ಇದಾಗಿ ಸುಮಾರು 140 ವರ್ಷಗಳ ಮೇಲೆ, ಮೂರನೆಯ ಮೈಸೂರು ಯುದ್ಧದಲ್ಲಿ, ಇಂಗ್ಲಿಷರ ಸೈನ್ಯಕ್ಕೆ ಎತ್ತಿನ ಬಂಡಿ ಹೊಡೆಯುತ್ತಿದ್ದ ಕವಸ್‌ಜೀ ಎಂಬ ಮರಾಠಿ ರೈತ ಟಿಪ್ಪುವಿನ ಸೈನಿಕರ ಕೈಗೆ ಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ಒಂದು ವರ್ಷಕ್ಕೂ ಹೆಚ್ಚು ಕಾಲ ಅವನು ಮೂಗಿಲ್ಲದೆಯೇ ಬದುಕಿದ. ಆಮೇಲೆ ಪುಣೆಯ ಬಳಿ ಇಟ್ಟಿಗೆ ಮಾಡುವ ಕುಲಕ್ಕೆ ಸೇರಿದ ಒಬ್ಬ ವೈದ್ಯ ಅವನಿಗೆ ಹೊಸ ಮೂಗು ಕಟ್ಟಿಕೊಟ್ಟ. ಮೇಣದ ತೆಳುಹಾಳೆಯಲ್ಲಿ ಮೂಗಿನ ಅಚ್ಚು ತೆಗೆದು, ಅದನ್ನು ಬಿಡಿಸಿ ಹಣೆಯ ಮೇಲಿಟ್ಟು ಗುರುತು ಮಾಡಿ, ಆ ಅಳತೆಯ ಚರ್ಮವನ್ನು ಹುಬ್ಬುಗಳ ನಡುವೆ ಅಂಟಿಕೊಂಡಿರುವಂತೆಯೇ ಬಿಡಿಸಿ ಕೆಳಕ್ಕೆ ತಿರುಗಿಸುವುದು ಆ ವಿಧಾನ. 1794ರ ಅಕ್ಟೋಬರಿನಲ್ಲಿ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜೀನ್ ಎಂಬ ಪತ್ರಿಕೆ ಈ ವೃತ್ತಾಂತವನ್ನು ಪ್ರಕಟಿಸಿತು. ಅದರಿಂದ ಪ್ರೇರಿತನಾದ ಜೋಸೆಫ್ ಕಾರ್ಪ್ಯೂ ಎಂಬ ಶಸ್ತ್ರವೈದ್ಯ 1814ರಲ್ಲಿ ಲಂಡನ್ನಿನಲ್ಲಿ ಅದೇ ವಿಧಾನವನ್ನು ಅನುಸರಿಸಿ ಗೆದ್ದ. ಹಣೆಯ ಚರ್ಮದಿಂದ ಮೂಗು ಕಟ್ಟುವುದನ್ನು ಲೋಕದ ವೈದ್ಯರು ಇಂದಿಗೂ ಭಾರತೀಯ ವಿಧಾನವೆಂದೇ ಕರೆಯುತ್ತಾರೆ.

ಈ ಕಥೆಯನ್ನು ನಾವು ಹೆಮ್ಮೆಗಾಗಿ ಮಾತ್ರ ಹೇಳುತ್ತಿಲ್ಲ. ಮೂಗೇ ಇಲ್ಲದವನಿಗೆ ದೊರೆತ ಮೂಗು, ಹಣೆಯ ಮೇಲೆ ಕಲೆ ಉಳಿಸಿದರೂ, ಮತ್ತೆ ಜನರ ನಡುವೆ ತಲೆಯೆತ್ತಿ ನಡೆಯಲು ಸಿಕ್ಕ ಅನುಮತಿಯಾಗಿತ್ತು. ಅವನು ತನ್ನ ಹೊಸ ಮೂಗನ್ನು ಹೋಲಿಸುತ್ತಿದ್ದುದು ಅಲ್ಲಿದ್ದ ಗಾಯದೊಂದಿಗೆ. ಇಂದು ಅಪಘಾತದಲ್ಲಿ ಮುಖ ಜಜ್ಜಿಹೋದವರು, ಸೀಳುತುಟಿಯೊಡನೆ ಹುಟ್ಟಿದ ಮಕ್ಕಳು, ಕುಷ್ಠರೋಗದಿಂದ ಮೂಗಿನ ದಿಂಡು ಕುಸಿದವರು ಶಸ್ತ್ರಕ್ರಿಯೆಯಿಂದ ಪಡೆಯುವ ನೆಮ್ಮದಿಯೂ ಇಂಥದ್ದೇ. ಸೌಂದರ್ಯಕ್ಕಾಗಿ ಶಸ್ತ್ರಕ್ರಿಯೆಗೆ ಹೋಗುವವರ ಸ್ಥಿತಿ ಬೇರೆ. ಅವರಿಗೆ ಮೂಗಿದೆ. ಅವರು ಹೊಸ ಮೂಗನ್ನು ಹೋಲಿಸುವುದು ಮನಸ್ಸಿನಲ್ಲಿರುವ ಚಿತ್ರವೊಂದರೊಂದಿಗೆ. ಆ ಚಿತ್ರ ವೈದ್ಯರಿಗೆ ಕಾಣದು. ಎಷ್ಟೋ ವೇಳೆ ಅವರಿಗೇ ಸ್ಪಷ್ಟವಾಗಿರದು. ಕಾಣದ ಅಳತೆಗೆ ಬಟ್ಟೆ ಹೊಲಿಯುವ ದರ್ಜಿ ಎಷ್ಟೇ ಜಾಣನಾದರೂ ಉಡುಪು ಬಿಗಿಯೋ ಸಡಿಲವೋ ಆಗಬಹುದಲ್ಲವೇ? ಸಮರ್ಥ ವೈದ್ಯರ ಕೈಯಲ್ಲಿಯೂ ಈ ಶಸ್ತ್ರಕ್ರಿಯೆ ಕೆಲವೊಮ್ಮೆ ಕಣ್ಣೀರಿನಲ್ಲಿ ಮುಗಿಯಲು ಇದೇ ಮುಖ್ಯ ಕಾರಣವೆಂದು ನಮ್ಮ ಭಾವನೆ.

ಹಾಗೆಂದು ಮಾಡಿಸಿಕೊಂಡವರೆಲ್ಲ ಪಶ್ಚಾತ್ತಾಪಪಡುತ್ತಾರೆಂದು ಹೇಳಿದರೆ ಸತ್ಯಕ್ಕೆ ಅಪಚಾರವಾದೀತು. ಹೆಚ್ಚಿನವರು ತೃಪ್ತರಾಗಿಯೇ ಇರುತ್ತಾರೆ. ಎರಡನೆಯ ಶಸ್ತ್ರಕ್ರಿಯೆಯ ಅಗತ್ಯ ಬೀಳುವವರು ನೂರಕ್ಕೆ ಐದರಿಂದ ಹದಿನೈದು ಮಂದಿ ಎಂಬುದು ವೈದ್ಯರು ಸಾಮಾನ್ಯವಾಗಿ ಹೇಳುವ ಲೆಕ್ಕ. ಆದರೆ ಆ ಹದಿನೈದರಲ್ಲಿ ಒಬ್ಬಳು ನಮ್ಮ ಮನೆಯ ಮಗಳಾದರೆ ಲೆಕ್ಕದಿಂದ ಸಮಾಧಾನ ಸಿಗದು.

ಅತೃಪ್ತಿಯ ಮೊದಲನೆಯ ಬಗೆ ಕಾಲದ ಅತೃಪ್ತಿ. ಮೂಗಿನ ಮೇಲ್ಭಾಗ ಎಲುಬು, ಕೆಳಭಾಗ ಮೃದ್ವಸ್ಥಿ, ಅದರ ಮೇಲೆ ಚರ್ಮದ ಹೊದಿಕೆ. ಒಳಗಿನ ಚೌಕಟ್ಟನ್ನು ತಿದ್ದಿದ ಮೇಲೆ ಹೊರಗಿನ ಚರ್ಮ ನಿಧಾನವಾಗಿ ಅದಕ್ಕೆ ಒಗ್ಗಬೇಕು. ಕಣ್ಣಿನ ಸುತ್ತಲಿನ ಕಪ್ಪು, ಎದ್ದು ಕಾಣುವ ಊತ ಕೆಲವು ವಾರಗಳಲ್ಲಿ ಇಳಿಯುತ್ತವೆ. ತುದಿಯ ಬಾವು ಪೂರ್ತಿ ಇಳಿದು ನಿಜವಾದ ಆಕಾರ ಕಾಣಲು ಒಂದು ವರ್ಷ ಬೇಕು. ದಪ್ಪ ಚರ್ಮದವರಿಗೆ ಇನ್ನೂ ಹೆಚ್ಚು. ಆದುದರಿಂದಲೇ ವಿವೇಕಿಗಳಾದ ವೈದ್ಯರು ವರ್ಷ ತುಂಬುವ ಮೊದಲು ಸಾಮಾನ್ಯವಾಗಿ ಎರಡನೆಯ ಶಸ್ತ್ರಕ್ರಿಯೆಗೆ ಒಪ್ಪುವುದಿಲ್ಲ. ನಾಟಿ ಮಾಡಿದ ವಾರಕ್ಕೇ ತೆನೆ ಎಲ್ಲಿ ಎಂದು ಕೇಳುವ ರೈತನಿಲ್ಲ. ನಮ್ಮ ಭಾಗದ ಜನರಿಗೆ ಕಾಯುವುದನ್ನು ಬೇರೆಯವರು ಕಲಿಸಬೇಕಾಗಿಲ್ಲ. ಕಾಯಬೇಕೆಂದು ಮುಂಚಿತವಾಗಿ ತಿಳಿಸಿದವರು ಮಾತ್ರ ಬೇಕು. ಮದುವೆಗೆ ಮೂರು ತಿಂಗಳಿರುವಾಗ ಮೂಗು ತಿದ್ದಿಸಲು ಹೊರಡುವ ಕುಟುಂಬಗಳು ಈ ಮಾತನ್ನು ವಿಶೇಷವಾಗಿ ಗಮನಿಸಬೇಕು.

ಎರಡನೆಯದು ಕೆಲಸದ ಅತೃಪ್ತಿ. ಮೂಗು ಮುಖದ ಅಲಂಕಾರವಾಗುವುದಕ್ಕೆ ಮೊದಲು ಉಸಿರಿನ ದಾರಿ. ದಿಂಡಿನ ಉಬ್ಬನ್ನು ಅತಿಯಾಗಿ ತೆಗೆದರೆ, ಒಳಗಿನ ಆಧಾರ ದುರ್ಬಲವಾದರೆ, ಆ ದಾರಿ ಕಿರಿದಾಗುತ್ತದೆ. ನೋಡಲು ಚೆಂದವಾದ ಮೂಗಿನಿಂದ ರಾತ್ರಿ ಉಸಿರಾಡಲು ಆಗದಿದ್ದರೆ ಅದು ದುರಾಸೆಯ ದೂರಲ್ಲ, ನ್ಯಾಯವಾದ ದೂರು. ಮೂಗು ಎದ್ದು ಕಾಣುವಂತೆ ಸೊಟ್ಟಗಾದರೆ, ದಿಂಡು ಕುಸಿದರೆ, ಸೋಂಕು ತಗಲಿದರೆ ಅದೂ ಹಾಗೆಯೇ. ಇಂತಹವರನ್ನು ‘ಇದ್ದದ್ದರಲ್ಲಿ ತೃಪ್ತಿಪಡು’ ಎಂದು ಉಪದೇಶಿಸಿ ಕಳುಹಿಸುವುದು ಧರ್ಮವಲ್ಲ. ಮೊದಲು ಅದೇ ವೈದ್ಯರ ಬಳಿಗೆ ಹೋಗಿ ಸ್ಪಷ್ಟವಾಗಿ ಕೇಳಬೇಕು. ಬಳಿಕ ಬೇರೊಬ್ಬ ಅನುಭವಿ ತಜ್ಞರ ಅಭಿಪ್ರಾಯ ಪಡೆಯಬೇಕು. ತಿದ್ದುವ ಶಸ್ತ್ರಕ್ರಿಯೆ ಮೊದಲನೆಯದಕ್ಕಿಂತ ಕಠಿಣ. ಒಳಗೆ ಗಾಯದ ಗಂಟು ಬೆಳೆದಿರುತ್ತದೆ. ಕಿವಿಯಿಂದಲೋ ಪಕ್ಕೆಲುಬಿನಿಂದಲೋ ಮೃದ್ವಸ್ಥಿಯನ್ನು ತೆಗೆದು ಕೂರಿಸಬೇಕಾಗಬಹುದು. ಅವಸರ ಬೇಡವೆಂದು ನಾವು ಹೇಳುವುದು ಈ ಕಾರಣಕ್ಕೇ.

ಕಾನೂನಿನ ಬಾಗಿಲೂ ತೆರೆದಿದೆ. ಹಣ ಪಡೆದು ನೀಡುವ ವೈದ್ಯಕೀಯ ಸೇವೆ ಗ್ರಾಹಕ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆಂದು ಸರ್ವೋಚ್ಚ ನ್ಯಾಯಾಲಯ 1995ರಲ್ಲಿಯೇ ತೀರ್ಪು ನೀಡಿತು. ಈಗಿರುವ 2019ರ ಕಾಯ್ದೆಯಂತೆ ದೂರಿಗೆ ಕಾರಣ ಉಂಟಾದ ಎರಡು ವರ್ಷಗಳೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಚಿಕಿತ್ಸೆಯ ದಾಖಲೆಗಳನ್ನು ಕೇಳಿದ 72 ಗಂಟೆಗಳೊಳಗೆ ಕೊಡಬೇಕೆಂದು 2002ರ ವೈದ್ಯಕೀಯ ನೀತಿ ನಿಯಮಾವಳಿ ವಿಧಿಸುತ್ತದೆ. ರೋಗಿಗೆ ಅಪಾಯಗಳನ್ನೂ ಪರ್ಯಾಯಗಳನ್ನೂ ತಿಳಿಸಿಯೇ ಒಪ್ಪಿಗೆ ಪಡೆಯಬೇಕೆಂದು ಸರ್ವೋಚ್ಚ ನ್ಯಾಯಾಲಯ 2008ರಲ್ಲಿ ಸ್ಪಷ್ಟಪಡಿಸಿದೆ. ಆದರೆ ಬಯಸಿದಷ್ಟು ಚೆಂದವಾಗಲಿಲ್ಲ ಎಂಬುದಷ್ಟೇ ವೈದ್ಯರ ನಿರ್ಲಕ್ಷ್ಯಕ್ಕೆ ಸಾಕ್ಷಿಯಾಗದು. ಹೇಳಬೇಕಾದುದನ್ನು ಹೇಳದಿರುವುದು, ತಕ್ಕ ಎಚ್ಚರಿಕೆ ವಹಿಸದಿರುವುದು, ತರಬೇತಿಯಿಲ್ಲದೆ ಕೈಹಾಕುವುದು ನಿರ್ಲಕ್ಷ್ಯ. ಈ ವ್ಯತ್ಯಾಸವನ್ನು ತಿಳಿಯದೆ ನ್ಯಾಯಕ್ಕೆ ಹೊರಟವರು ಇನ್ನಷ್ಟು ನಿರಾಶರಾಗುತ್ತಾರೆ.

ಮೂರನೆಯದು ಮನಸ್ಸಿನ ಅತೃಪ್ತಿ. ನಾವು ಅತಿ ಕಡಿಮೆ ಅರ್ಥಮಾಡಿಕೊಂಡಿರುವುದೂ ಇದನ್ನೇ. ಬೇರೆಯವರಿಗೆ ಕಾಣದ, ಅಥವಾ ಕಂಡರೂ ಅತ್ಯಲ್ಪವಾದ ಲೋಪವೊಂದು ತನ್ನ ಮುಖವನ್ನೇ ಹಾಳುಮಾಡಿದೆ ಎಂಬ ಕೊರಗು ಕೆಲವರನ್ನು ಹಗಲಿರುಳೂ ಕಾಡುತ್ತದೆ. ಗಂಟೆಗಟ್ಟಲೆ ಕನ್ನಡಿ ನೋಡುವುದು ಅಥವಾ ಕನ್ನಡಿಯನ್ನೇ ತಪ್ಪಿಸುವುದು, ಮನೆಯವರನ್ನು ‘ನನ್ನ ಮೂಗು ಹೇಗಿದೆ?’ ಎಂದು ಮತ್ತೆ ಮತ್ತೆ ಕೇಳುವುದು, ಜನರ ನಡುವೆ ಬರಲು ಹಿಂಜರಿಯುವುದು ಇದರ ಲಕ್ಷಣಗಳು. ಇಟಲಿಯ ವೈದ್ಯ ಎನ್ರಿಕೊ ಮೊರ್ಸೆಲಿ 1891ರಲ್ಲಿಯೇ ಇದಕ್ಕೊಂದು ಹೆಸರಿಟ್ಟ. ಇದು ಜಂಬವಲ್ಲ, ಕಾಯಿಲೆ. ಬೆಲ್ಜಿಯಂ ದೇಶದ ಲ್ಯೂವೆನ್ ನಗರದ ವೈದ್ಯರು ಮೂಗಿನ ಶಸ್ತ್ರಕ್ರಿಯೆ ಬಯಸಿ ಬಂದ 226 ಮಂದಿಯನ್ನು ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದ ವರದಿಯಂತೆ, ಅವರಲ್ಲಿ ನೂರಕ್ಕೆ 33 ಮಂದಿಯಲ್ಲಿ ಈ ಕೊರಗಿನ ಲಕ್ಷಣಗಳು ಗಮನಾರ್ಹ ಪ್ರಮಾಣದಲ್ಲಿದ್ದವು. ಮೂಗು ನಿಜವಾಗಿ ಎಷ್ಟು ಕುಂದುಳ್ಳದ್ದು ಎಂಬುದಕ್ಕೂ ಕೊರಗಿನ ತೀವ್ರತೆಗೂ ಹೇಳಿಕೊಳ್ಳುವಂತಹ ಸಂಬಂಧ ಅವರಿಗೆ ಕಾಣಲಿಲ್ಲ. ಈ ಕೊರಗು ಚಾಕುವಿನಿಂದ ಕಳೆಯುವಂಥದ್ದಲ್ಲ. ಮೂಗು ತಿದ್ದಿದರೂ ಅದು ಉಳಿಯುತ್ತದೆ. ಇಲ್ಲವೇ ಗಲ್ಲಕ್ಕೋ ತುಟಿಗೋ ಸರಿಯುತ್ತದೆ. ಇದಕ್ಕೆ ಬೇಕಾದುದು ಮನೋವೈದ್ಯರ ನೆರವು, ಮಾತಿನ ಚಿಕಿತ್ಸೆ, ಕೆಲವೊಮ್ಮೆ ಔಷಧ. ಸರ್ಕಾರದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಖರ್ಚಿಲ್ಲದೆ ಕರೆ ಮಾಡಬಹುದು. ಧಾರವಾಡದಲ್ಲಿ ಮಾನಸಿಕ ಆರೋಗ್ಯ ಸಂಸ್ಥೆಯೇ ಇದೆ. ಅಲ್ಲಿಗೆ ಹೋಗುವುದನ್ನು ಹುಚ್ಚಿನ ಗುರುತೆಂದು ಭಾವಿಸುವ ನಮ್ಮ ಹಳೆಯ ಅಜ್ಞಾನವನ್ನು ಇನ್ನಾದರೂ ಬಿಡೋಣ.

ಕೊರಗಿಗೆ ಎಣ್ಣೆ ಹೊಯ್ಯುವ ಇನ್ನೊಂದು ವಸ್ತು ನಮ್ಮೆಲ್ಲರ ಕೈಯಲ್ಲಿದೆ. ಫೋನನ್ನು ಮುಖದಿಂದ 12 ಅಂಗುಲ ದೂರದಲ್ಲಿ ಹಿಡಿದು ತೆಗೆದ ಚಿತ್ರದಲ್ಲಿ ಮೂಗು, 5 ಅಡಿ ದೂರದಿಂದ ತೆಗೆದ ಚಿತ್ರಕ್ಕಿಂತ, ಸುಮಾರು ನೂರಕ್ಕೆ 30ರಷ್ಟು ಅಗಲವಾಗಿ ಕಾಣುತ್ತದೆಂದು ಅಮೆರಿಕದ ವೈದ್ಯರು 2018ರಲ್ಲಿ ಲೆಕ್ಕಹಾಕಿ ತೋರಿಸಿದ್ದಾರೆ. ಅಂದರೆ ನಮ್ಮ ಮಕ್ಕಳು ಯಾವ ಮೂಗನ್ನು ಕಂಡು ಅಳುತ್ತಿದ್ದಾರೋ ಆ ಮೂಗು ಎಷ್ಟೋ ವೇಳೆ ಅವರ ಮುಖದ ಮೇಲೆ ಇಲ್ಲವೇ ಇಲ್ಲ. ಅದು ಕ್ಯಾಮೆರಾದ ಸೃಷ್ಟಿ. ಸಾವಿರಾರು ರೂಪಾಯಿ ವ್ಯಯ ಮಾಡುವ ಮೊದಲು ಐದು ಅಡಿ ದೂರ ನಿಂತು ಒಂದು ಚಿತ್ರ ತೆಗೆಸಿಕೊಳ್ಳಲು ಹೇಳುವ ಹಿರಿಯರು ಮನೆಯಲ್ಲಿರಬೇಕು.

ಈ ವಿಷಯದಲ್ಲಿ ಪವಿತ್ರ ಸಭೆಯ ನಿಲುವೇನೆಂದು ಕೇಳುವವರಿದ್ದಾರೆ. 1958ರ ಅಕ್ಟೋಬರ್ 4ರಂದು, ತಾವು ದೈವಾಧೀನರಾಗುವುದಕ್ಕೆ ಐದೇ ದಿನಗಳ ಮೊದಲು, ಜಗದ್ಗುರು ಹನ್ನೆರಡನೆಯ ಪಯಸ್ ಅವರು ಇಟಲಿಯ ಪ್ಲಾಸ್ಟಿಕ್ ಶಸ್ತ್ರವೈದ್ಯರನ್ನು ಉದ್ದೇಶಿಸಿ ಇದನ್ನೇ ಕುರಿತು ಮಾತನಾಡಿದ್ದರು. ದೈಹಿಕ ಸೌಂದರ್ಯವನ್ನು ಅವರು ಹಳಿಯಲಿಲ್ಲ. ಅದು ಒಳ್ಳೆಯದೇ, ಆದರೆ ಅತ್ಯುನ್ನತವಾದುದಲ್ಲ ಎಂದರು. ಉದ್ದೇಶ ಶುದ್ಧವಾಗಿದ್ದರೆ, ಆರೋಗ್ಯಕ್ಕೆ ಗಂಭೀರ ಅಪಾಯವಿಲ್ಲದಿದ್ದರೆ, ಕಾರಣವು ಅಪಾಯಕ್ಕೆ ತಕ್ಕಷ್ಟು ತೂಕದ್ದಾಗಿದ್ದರೆ ಇಂತಹ ಶಸ್ತ್ರಕ್ರಿಯೆ ನೀತಿಗೆ ವಿರುದ್ಧವಲ್ಲ ಎಂಬುದು ಅವರ ಬೋಧನೆಯ ಸಾರ. ಬರಿಯ ಒಣಜಂಬಕ್ಕಾಗಿ, ಫ್ಯಾಷನ್ನಿನ ಹುಚ್ಚಿಗಾಗಿ, ಅಂಗದ ಸಹಜ ಕಾರ್ಯಕ್ಕೆ ಹಾನಿಯಾಗುವಂತೆ ಮಾಡಿಸುವುದನ್ನು ಅವರು ಒಪ್ಪಲಿಲ್ಲ. ಹೀಗಿರುವಾಗ, ಅತೃಪ್ತಳಾಗಿ ಮರಳಿದ ಹುಡುಗಿಗೆ ‘ಇದು ದೇವರ ಶಿಕ್ಷೆ’ ಎಂದು ಹೇಳುವ ಅಧಿಕಾರವನ್ನು ನಮಗೆ ಕೊಟ್ಟವರು ಯಾರು? ಬಾವು ಇಳಿಯದಿರುವುದು ಶರೀರದ ಧರ್ಮ. ಅದರಲ್ಲಿ ದೇವರ ಕೋಪವನ್ನು ಕಾಣುವುದು ನಮ್ಮ ಕ್ರೌರ್ಯಕ್ಕೆ ದೇವರ ಹೆಸರನ್ನು ಅಂಟಿಸಿದಂತೆ.

ಹಾಗಾದರೆ ಶಸ್ತ್ರಕ್ರಿಯೆಗೆ ಮನಸ್ಸು ಮಾಡಿದವರು ಮೊದಲು ಏನನ್ನು ಕೇಳಿಕೊಳ್ಳಬೇಕು? ಇದು ನನ್ನ ಬಯಕೆಯೋ, ನೋಡಲು ಬಂದವರ ಬಯಕೆಯೋ ಎಂಬುದು ಮೊದಲ ಪ್ರಶ್ನೆ. ನನ್ನ ಮೂಗಿನಲ್ಲಿ ಏನನ್ನು ತಿದ್ದಬೇಕು ಎಂಬುದನ್ನು ಒಂದೇ ವಾಕ್ಯದಲ್ಲಿ ಹೇಳಬಲ್ಲೆನೇ ಎಂಬುದು ಎರಡನೆಯದು. ಈಗ ಉಸಿರಾಟ ಹೇಗಿದೆ, ಮುಂದೆ ಹೇಗಿರುತ್ತದೆ, ಆಗದಿರುವುದು ಏನು, ತೊಂದರೆಯಾದರೆ ಯಾರು ಹೊಣೆ, ಮತ್ತೊಮ್ಮೆ ತಿದ್ದಬೇಕಾದರೆ ಖರ್ಚು ಯಾರದು ಎಂಬುದನ್ನು ವೈದ್ಯರಿಂದಲೇ, ಕನ್ನಡದಲ್ಲಿಯೇ, ಅರ್ಥವಾಗುವವರೆಗೂ ಕೇಳಬೇಕು. ಕೈಗೆ ಕೊಟ್ಟ ಇಂಗ್ಲಿಷ್ ಕಾಗದಕ್ಕೆ ಓದದೆ ಸಹಿ ಹಾಕಬಾರದು. ಶಸ್ತ್ರಕ್ರಿಯೆ ಮಾಡುವವರು ಪ್ಲಾಸ್ಟಿಕ್ ಸರ್ಜರಿಯಲ್ಲಿಯೋ ಕಿವಿ ಮೂಗು ಗಂಟಲಿನ ವಿಭಾಗದಲ್ಲಿಯೋ ಪದವಿ ಪಡೆದವರೇ, ವೈದ್ಯಕೀಯ ಪರಿಷತ್ತಿನಲ್ಲಿ ನೋಂದಾಯಿತರೇ ಎಂದು ವಿಚಾರಿಸಲು ನಾಚಿಕೆಪಡಬೇಕಾಗಿಲ್ಲ. ಸೌಂದರ್ಯಕ್ಕಾಗಿ ಮಾಡಿಸುವ ಶಸ್ತ್ರಕ್ರಿಯೆಗೆ ಆರೋಗ್ಯ ವಿಮೆ ಸಾಮಾನ್ಯವಾಗಿ ಹಣ ಕೊಡುವುದಿಲ್ಲ. ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ಇವುಗಳ ಅನಂತರದ ಪುನಾರಚನೆಗೆ ಮಾತ್ರ ಕೊಡುತ್ತದೆ. ಆದ್ದರಿಂದ ಹೊಲ ಅಡವಿಟ್ಟು, ಬಡ್ಡಿಗೆ ಸಾಲ ತಂದು ಈ ಕೆಲಸಕ್ಕೆ ಇಳಿಯಬೇಡಿರೆಂದು ನಾವು ಕಳಕಳಿಯಿಂದ ಕೇಳಿಕೊಳ್ಳುತ್ತೇವೆ. ಸಾಲದ ಭಾರವೂ ಸೇರಿದಾಗ ಸಣ್ಣ ಅತೃಪ್ತಿಯೂ ಬೆಟ್ಟವಾಗುತ್ತದೆ.

ಕೊನೆಗೆ ಮಾತು ಮತ್ತೆ ನಮ್ಮ ಬಳಿಗೇ ಬರುತ್ತದೆ. ಜೆಸ್ಸೆಯನ ಮನೆಯಲ್ಲಿ ಎತ್ತರದ ನಿಲುವಿನ ಹಿರಿಯ ಮಗನನ್ನು ಕಂಡು ಸಮುವೇಲ ಪ್ರವಾದಿಯಂತಹವರೇ ಒಂದು ಕ್ಷಣ ಮೋಸಹೋದ ಕಥೆಯನ್ನು ನಾವು ದೇವಾಲಯದಲ್ಲಿ ಕೇಳುತ್ತೇವೆ; ತಲೆದೂಗುತ್ತೇವೆ. ಮನೆಗೆ ಬಂದು ಮಗನಿಗೆ ಕನ್ಯೆ ಹುಡುಕುವಾಗ ಮೂಗು, ಬಣ್ಣ, ಎತ್ತರಗಳ ಪಟ್ಟಿ ಹಿಡಿಯುತ್ತೇವೆ. ಮದುವೆಯ ಪ್ರಕಟಣೆಯನ್ನು ದೇವಾಲಯದಲ್ಲಿ ಓದುವುದಕ್ಕೆ ಮುಂಚೆ ಎಷ್ಟು ಹೆಣ್ಣುಮಕ್ಕಳ ಮುಖಗಳನ್ನು ನಾವು ತೂಗಿ ಬದಿಗಿಟ್ಟಿರುತ್ತೇವೆ? ಗಂಡುಮಕ್ಕಳೂ ಈಗ ಈ ತಕ್ಕಡಿಯಿಂದ ತಪ್ಪಿಸಿಕೊಂಡಿಲ್ಲ. ವಿವಾಹ ಸಿದ್ಧತೆಯ ತರಗತಿಗಳಲ್ಲಿ, ಯುವಜನರ ಕೂಟಗಳಲ್ಲಿ, ಮಹಿಳಾ ಸಂಘಗಳಲ್ಲಿ ಈ ವಿಷಯವನ್ನು ಬಾಯಿಬಿಟ್ಟು ಚರ್ಚಿಸಿದರೆ, ಚಿಕಿತ್ಸಾಲಯದ ಬಾಗಿಲಿನವರೆಗೆ ಹೋಗುವ ಎಷ್ಟೋ ಕಣ್ಣೀರನ್ನು ಮನೆಯ ಹೊಸ್ತಿಲಲ್ಲಿಯೇ ಒರೆಸಬಹುದು.

ಮೂಗಿಗಿಂತ ಮೂಗುತಿ ಭಾರವಾಗಬಾರದೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಇಂದು ಮೂಗುತಿಯಷ್ಟೇ ಅಲ್ಲ, ಇತರರ ದೃಷ್ಟಿಯೂ ಮೂಗಿಗಿಂತ ಭಾರವಾಗಿದೆ. ಆ ಭಾರ ಹೊತ್ತು ಶಸ್ತ್ರಕ್ರಿಯೆಯ ಮೇಜನ್ನು ಏರಿದವಳು ನಿರಾಶಳಾಗಿ ಮರಳಿದರೆ ಅವಳಿಗೆ ನಾವು ಕೊಡಬಹುದಾದದ್ದು ಸಣ್ಣದೇ. ಅವಳ ದೂರನ್ನು ಪೂರ್ತಿ ಕೇಳಿಸಿಕೊಳ್ಳೋಣ. ಕಾಯಬೇಕಾದರೆ ಜೊತೆಗೆ ಕಾಯೋಣ. ವೈದ್ಯರ ಬಳಿಗೋ ಆಯೋಗಕ್ಕೋ ಹೋಗಬೇಕಾದರೆ ಜೊತೆಗೆ ಹೋಗೋಣ. ಮನಸ್ಸಿಗೆ ಚಿಕಿತ್ಸೆ ಬೇಕಾದರೆ ಗುಟ್ಟು ಕಾಯ್ದು ನೆರವಾಗೋಣ. ಮುಂದಿನ ಭಾನುವಾರ ಅವಳು ಕೊನೆಯ ಸಾಲಿನಲ್ಲಿ ಮುಸುಕು ಹಾಕಿ ಕೂತಿದ್ದರೆ, ಅವಳ ಮೂಗನ್ನು ನೋಡದೆ, ಹೆಸರು ಹಿಡಿದು ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳೋಣ.